ಎಲುಬಿಲ್ಲದ್ದು

ಮೊದಲು ಉಳುಕೆಂದುಕೊಂಡೆವು.
ಹಿತ್ತಲ ಮೂರು ಮೆಟ್ಟಿಲು ಇಳಿವಾಗ ಎಡ ಮುಂಗಾಲು
ನೆಲವನ್ನು ನಂಬದೆ
ಒಂದು ಗಳಿಗೆ ಗಾಳಿಯಲ್ಲೇ ನಿಂತಿತು.
'ಹಳೇ ಓಟಗಾತಿ, ಚಳಿ ಬೇರೆ' ಅಂದ ಇದ್ವಾಲ್, ನನ್ನಣ್ಣ,
ಗಣಿ ಮುಚ್ಚಿದ ಮೇಲೆ ನಾಯಿಪಂದ್ಯದಲ್ಲೇ ದಿನ ನೂಕಿದವನು.
ನಾನೂ ಹೂಂ ಅಂದೆ.
ಬಸ್ಸಿನ ಪಾಳಿಗೆ ಹೊತ್ತಾಗಿತ್ತು.

ಮೂರನೆಯ ವಾರ ಡಾಕ್ಟರ್ ಸಿಯೋನೆಡ್
ಪರದೆಯ ಮೇಲೆ ಚಿತ್ರ ತೆರೆದು
ಪೆನ್ನಿನ ತುದಿಯಲ್ಲಿ ಸುಮ್ಮನೆ ತೋರಿಸಿದಳು:
ಭುಜದ ಕೆಳಗೆ, ಬೆಳ್ಳನೆಯ ಎಲುಬಿನ ಅಂಚಿಗೆ
ಕಿರಣ ಕಿರಣವಾಗಿ ಏನೋ ಸಿಡಿದಿತ್ತು,
ಮಗು ಗೀಚಿದ ಸೂರ್ಯನ ಹಾಗೆ.
ಚೆಂದವಿತ್ತು.
ಅದನ್ನು ನಾನಿನ್ನೂ ಕ್ಷಮಿಸಿಲ್ಲ, ಅದು ಚೆಂದವಿದ್ದುದನ್ನು.

'ಕೆಲವರು ಕಾಲು ತೆಗೆಸುತ್ತಾರೆ. ಮೂರರಲ್ಲೂ ಓಡುತ್ತವೆ.
ಆದರೆ ಇವಳ ಶ್ವಾಸಕೋಶದಲ್ಲಿ ಈಗಾಗಲೇ'
ಅಷ್ಟಕ್ಕೆ ನಿಲ್ಲಿಸಿದಳು.
ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವಳು ನಾನು.
ನಿಲ್ದಾಣವಿಲ್ಲದ ಕಡೆ ಮಾತು ನಿಂತರೆ
ಮುಂದೆ ರಸ್ತೆಯಿಲ್ಲವೆಂದೇ ಅರ್ಥ.

ಮೂಯರ್ ಮಾತ್ರ ಡಾಕ್ಟರಳ ಮೊಣಕಾಲಿಗೆ
ಮೈಯೆಲ್ಲ ಒರಗಿಸಿ ನಿಂತಿದ್ದಳು,
ಅವಳದೇ ಸಾಲ ತೀರಿಸಬೇಕಿತ್ತೆಂಬಂತೆ.

ಅವಳ ಕಿವಿಯೊಳಗೆ ಹಸಿರು ಹಚ್ಚೆಯಿದೆ,
ಐರ್ಲೆಂಡಿನಲ್ಲಿ ಮರಿಯಾಗಿದ್ದಾಗಲೇ ಒತ್ತಿದ್ದು.
ಪಂದ್ಯದ ಹಾಳೆಯಲ್ಲಿ ಅವಳು ಡಂಕೆರಿ ಫ್ಲೇಮ್:
ನಲವತ್ತೊಂದು ಓಟ, ಐದು ಗೆಲುವು,
ಒಂದೂ ನಿಜವಲ್ಲದ ನಲವತ್ತೊಂದು ಮೊಲ.
ನಮ್ಮ ಮನೆಗೆ ಬಂದಾಗ
ಮೆಟ್ಟಿಲೆಂದರೆ ಗೊತ್ತಿರಲಿಲ್ಲ, ಕನ್ನಡಿಯೆಂದರೆ ಗೊತ್ತಿರಲಿಲ್ಲ,
ಗಾಜಿನ ಬಾಗಿಲಿಗೆ ಮೂಗು ಗುದ್ದಿಕೊಂಡು ನನ್ನನ್ನೇ ಬೈದಂತೆ ನೋಡಿದಳು.
ಸೋಫಾ ಮಾತ್ರ
ಹೋದ ಜನ್ಮದಿಂದಲೇ ಗೊತ್ತಿತ್ತು.

'ಓಡಿಸಬೇಡಿ' ಎಂದಿದ್ದಾರೆ.
ಒಂದೇ ಒಂದು ನೆಗೆತಕ್ಕೆ ಆ ಎಲುಬು
ಒಣ ಪುಳ್ಳೆಯ ಹಾಗೆ ಲಟಕ್ಕೆಂದೀತು.
ಓಡಲಿಕ್ಕೆಂದೇ ಹೆತ್ತ ಜೀವಕ್ಕೆ
ಇದನ್ನು ಯಾವ ಭಾಷೆಯಲ್ಲಿ ಹೇಳಲಿ?
ಅವಳಿಗೆ ಬರುವ ವೆಲ್ಷ್ ಒಂದೇ ಪದ, ಚೀಸಿನದು.
ಅದರೊಳಗೆ ಮಾತ್ರೆ ಹುದುಗಿಸಿ ದಿನಕ್ಕೆರಡು ಸಲ ಆ ಪದಕ್ಕೂ ಮೋಸ ಮಾಡುತ್ತೇನೆ.

ನಾಲಿಗೆಗೆ ಎಲುಬಿಲ್ಲ.
ಈ ರೋಗ ಅದರ ತಂಟೆಗೆ ಹೋಗದು.
ಅದಕ್ಕೇ ನನ್ನದು 'ಏನಾಗಿಲ್ಲ ಕಣೇ, ಏನೂ ಆಗಿಲ್ಲ' ಎಂದು
ರಾತ್ರಿಯಿಡೀ ಹೊರಳುತ್ತದೆ.
ಅವಳದಕ್ಕೂ ಎಲುಬಿಲ್ಲ.
ಅದು ನನ್ನ ಮಣಿಕಟ್ಟಿನ ಉಪ್ಪು ನೆಕ್ಕುತ್ತದೆ,
ಮತ್ತೇನೂ ಹೇಳುವುದಿಲ್ಲ.

ಭಾನುವಾರ ಇದ್ವಾಲ್ ಬಂದ, ಒಳಗೆ ಬರಲಿಲ್ಲ.
ಹಳೆಯ ಕದವೊಂದನ್ನು ಮೆಟ್ಟಿಲ ಮೇಲೆ ಇಳಿಜಾರಿಗಿಟ್ಟು
ಜಾರದಂತೆ ಕಾರ್ಪೆಟ್ ಹೊಡೆದ.
ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಅಂದ:
'ಆಗ ಕುಂಟಿದ್ದನ್ನು ಯಾರೋ ವ್ಯಾನಿಗೆ ಹತ್ತಿಸುತ್ತಿದ್ದರು.
ಎಲ್ಲಿಗೆ ಅಂತ ನಾನು ಕೇಳುತ್ತಿರಲಿಲ್ಲ, ಎಲಿನೆದ್.'
ಆಮೇಲೆ ಬೇಕಾದ್ದಕ್ಕಿಂತ ಹನ್ನೆರಡು ಮೊಳೆ ಹೆಚ್ಚು ಹೊಡೆದ.

ಗುರುವಾರ ಮಧ್ಯಾಹ್ನ ಸಿಯೋನೆಡ್ ಮನೆಗೇ ಬರುತ್ತಾಳೆ.
ಸೋಫಾದ ಮೇಲೇ ಆಗಲಿ ಅಂದಿದ್ದೇನೆ.

ಈ ಬೆಳಗ್ಗೆ ರಗ್ಬಿ ಮೈದಾನದ ಮಂಜಿನಲ್ಲಿ,
ಸುಣ್ಣದ ಗೆರೆಯಾಚೆ, ಒಂದು ಮೊಲ.
ನಿಜವಾದದ್ದು.
ಅವಳ ಕಿವಿ ನೆಟ್ಟಗಾಯಿತು, ಹಲ್ಲು ಕಟಕಟಿಸಿತು.
ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿ
ಅವಳ ಎದೆಗೆ ಅಂಗೈ ಕೊಟ್ಟೆ.
ಪಂದ್ಯದ ಪೆಟ್ಟಿಗೆಯೊಳಗೆ, ಬಾಗಿಲು ಹಾರುವ ಮುಂಚೆ,
ನಲವತ್ತೊಂದು ಸಲ ಹೀಗೇ ಹೊಡೆದಿರಬೇಕು.

ಬಹಳ ಹೊತ್ತು ನೋಡಿದಳು.
ಆಮೇಲೆ ಹಾಗೇ ವಾಲಿ
ಮೂರು ಕಾಲಿನ ಅಷ್ಟೂ ಭಾರವನ್ನು ನನ್ನ ತೊಡೆಗೆ ಬಿಟ್ಟಳು.
ನಿಂತೆ.
ಏಳೂ ಹತ್ತರ ಬಸ್ಸಿಗೆ ಇವತ್ತು ಬೇರೆ ಯಾರೋ ಇದ್ದಾರು.
ಮೊಲ ಅವಸರವಿಲ್ಲದೆ
ಹುಲ್ಲು ಮುಗಿಸಿತು.