ಏಳೂವರೆ

ಶಾಲೆಗೆ ಬಂದ ನರ್ಸಕ್ಕ ಬೆರಳು ಚುಚ್ಚಿ
ಏಳೂವರೆ ಅಂದಳು, ಎಲ್ಲರಿಗೂ ಕೇಳುವಂತೆ.
ಆವತ್ತಿನಿಂದ ಹತ್ತನೇ 'ಬಿ'ಯಲ್ಲಿ
ಹೇಮಾವತಿ ಹೋಗಿ ನಾನು ಹಿಮೋಗ್ಲೋಬಿ.
ಅಜ್ಜಿ ಮಾತ್ರ ಗಾಬರಿಬಿದ್ದು
ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಿದಳು:
ಏಳೂವರೆ ಅಂದ್ರೆ ಅವನೇ ಅಲ್ವೇನೆ!

ಬಂದವನು ಅವನಲ್ಲ.

ಹುಳುಗಳಿಗೆ ನಾಲ್ಕನೇ ಜ್ವರ ಬಿಟ್ಟ ರಾತ್ರಿ
ಹನ್ನೊಂದರ ಸೊಪ್ಪು ಹಾಕಲು ಹೋಗಿದ್ದೆ.
ತಟ್ಟೆತಟ್ಟೆಯಲ್ಲೂ ಸರಸರ,
ಪರೀಕ್ಷೆ ಹಾಲ್‌ನಲ್ಲಿ ನನ್ನ ಬಿಟ್ಟು ಎಲ್ಲರೂ ಬರೆಯುವ ಸದ್ದು.
ಗೋಡೆಗೊರಗಿಸಿದ ಚಂದ್ರಂಕಿಗಳ ಹಿಂದೆ
ಹದಿನಾರರ ಹುಡುಗ. ನೆರಳಿಲ್ಲ.
ಧಾತು ವರ್ಷದ ಬರದಲ್ಲಿ ಸತ್ತವನಂತೆ, ಹೆಸರು ಪಿಳ್ಳಪ್ಪ.
ರಕ್ತಪಿಶಾಚಿಗೆ ಪಿಳ್ಳಪ್ಪ ಅಂತ ಹೆಸರಿರುತ್ತಾ?
ನಗು ಬಂದು ಕಿರುಚುವುದೇ ಮರೆತೆ.

ಕೋರೆಹಲ್ಲು ಕಂದು, ಅಡ್ಡಪಟ್ಟೆ,
ನಮ್ಮೂರ ಯಾವ ಹುಡುಗನದ್ದಾದರೂ ಇದೇ ಹಲ್ಲು.
"ಸಾವಿರದಿನ್ನೂರು ಅಡಿಯ ನೀರು ಕುಡಿಯೋದು ನೀವು,
ಹಾಳಾಗೋದು ನನ್ನ ಹಲ್ಲು" ಅಂತ ಗೊಣಗಿ
ನರ್ಸಕ್ಕ ಚುಚ್ಚಿದ ಬೆರಳನ್ನೇ ಹಿಡಿದ.

ಒಂದು ಗುಟುಕು. ಉಗಿದ.
"ಏಮೇ, ನೀಳ್ಳು! ಬರೀ ನೀರು ಕಣೇ ಇದು.
ನನಗಿಂತ ಮುಂಚೆ ಯಾರು ಕುಡಿದದ್ದು?"

ಅಪ್ಪ, ಚಿಕ್ಕಪ್ಪ, ತಮ್ಮಂದಿರು ಉಂಡೆದ್ದ ಮೇಲೆ
ಪಾತ್ರೆ ವಾಲಿಸಿ ನಾನೂ ಅಮ್ಮನೂ ಸಾರಿನ ತಳ ಕೆರೆಯುವುದು
ನೆನಪಾಯಿತು. ಹೇಳಲಿಲ್ಲ.
ಬರ ಕಂಡವನು, ಮತ್ತೆ ಕೇಳಲೂ ಇಲ್ಲ.

ಕರಾರಾಯಿತು: ಹನ್ನೆರಡು ಮುಟ್ಟಲಿ, ಆಮೇಲೆ.

ಕಾಂಪೌಂಡಿನಾಚೆ ಎಸೆಯುತ್ತಿದ್ದ ನೀಲಿ ಮಾತ್ರೆ
ಸೋಮವಾರ ಸೋಮವಾರ ನುಂಗಿದೆ.
ಕಿಟಕಿಯಲ್ಲಿ ನುಗ್ಗೆಸೊಪ್ಪು, ಹೆಡ್‌ಮೇಷ್ಟ್ರ ಮನೆಯದು,
ಇಬ್ಬನಿ ಸಮೇತ.
ಸೂರಿನಿಂದ ತಲೆಕೆಳಗಾಗಿ ನೇತಾಡುತ್ತಾ ಗದರುವನು:
"ಇನ್ನೊಂದು ಮುದ್ದೆ ಕೇಳು. ಕೇಳೇ. ಬಾಯಿಲ್ವಾ?"
ಕೇಳಿದೆ. ಅಮ್ಮ ಸೌಟು ಹಿಡಿದಂತೆಯೇ ನನ್ನ ನೋಡಿದಳು,
ಬಡಿಸಿದಳು. ಆಮೇಲೊಂದು ದಿನ
ತನಗೂ ಮೊದಲೇ ಎತ್ತಿಟ್ಟುಕೊಂಡಳು.

ಗೂಡು ಶಿಡ್ಲಘಟ್ಟ ಮಾರ್ಕೆಟ್ಟಿಗೆ ಹೋಯಿತು, ಹೊಸ ಚಾಕಿ ಬಂತು.
ಎಂಟು ಪಾಯಿಂಟ್ ಆರು. ಹತ್ತು.
ಖೋಖೋದಲ್ಲಿ ಕಂಬ ಸುತ್ತಿದರೆ ಈಗ ಕಣ್ಣಿಗೆ ಕತ್ತಲೆ ಕವಿಯುವುದಿಲ್ಲ.
ಅವನೋ ದಿನೇ ದಿನೇ ಸೊರಗಿ
ಹಣ್ಣಾದ ಹುಳದ ಹಾಗೆ,
ಟಾರ್ಚು ಬಿಟ್ಟರೆ ಆಚೆಯ ಗೋಡೆ ಕಾಣುವಷ್ಟು.
ಹಸುವಿನ ಮೈಯ ಉಣ್ಣೆ ಹೆಕ್ಕಿ ತಿಂದು
ಕಾಯುತ್ತಿದ್ದ.

ನಿನ್ನೆ ನರ್ಸಕ್ಕ ಎರಡು ಸಲ ನೋಡಿ
ಹನ್ನೆರಡು ಅಂದಳು, ಈ ಸಲವೂ ಜೋರಾಗಿ.

ರಾತ್ರಿ ಬಂದ. ಹೊಸಿಲ ಮೇಲೆ ನಿಂತ.
"ಎಷ್ಟೇ?"
ಹನ್ನೊಂದೂ ಮುಕ್ಕಾಲು, ಅಂದೆ.
ಮೂರು ಹೊಲದಾಚೆಯಿಂದಲೇ ರಕ್ತದ ವಾಸನೆಗೆ ಲೆಕ್ಕ ಹಾಕುವವನು
ಬೆರಳು ಮಡಿಸಿ, ಬಿಡಿಸಿ, ಮತ್ತೆ ಮಡಿಸಿ
ಕಂದು ಹಲ್ಲು ಕಾಣುವಂತೆ ನಕ್ಕ.
"ಕಾಲು ಕಮ್ಮಿ. ಆಗಲಿ, ಮುಂದಿನ ಸೋಮವಾರ."

ಹುಳುಗಳೆಲ್ಲ ತಲೆಯೆತ್ತಿದ್ದವು, ಹಸಿವಿಗೆ.
ಸೊಪ್ಪಿನ ಕುಕ್ಕೆಯ ಇನ್ನೊಂದು ಬದಿ
ಅವನು ಹಿಡಿದುಕೊಂಡ.