ಮೂರು ವಾರ

ಭಾನುವಾರ. ಸವಳಂಗ ರಸ್ತೆಯ ಹೋಟೆಲಿನ ಮೇಲ್ಮಹಡಿ ಹಾಲು.
ನಿನ್ನೆಯ ಆರತಕ್ಷತೆಯ ಸೇವಂತಿಗೆ ಎಸಳು
ಇನ್ನೂ ಕುರ್ಚಿಗಳ ಕಾಲಡಿ.
ಬ್ಯಾನರು: ಖಿನ್ನತೆಯ ಚಿಕಿತ್ಸೆಯಲ್ಲಿ ಹೊಸ ಹೆಜ್ಜೆಗಳು.
ನೋಂದಣಿ ಸಂಖ್ಯೆ ಬರೆದು, ಸಹಿ ಹಾಕಿ, ಚೀಲ ಇಸಕೊಂಡೆ:
ಒಂದು ಪ್ಯಾಡು, ಒಂದು ಪೆನ್ನು, ಕಂಪನಿಯ ಹೆಸರಿನ ಬಿಳಿ ಮಗ್ಗು.
ಮನೆಯಲ್ಲಿ ಇಂಥವು ಹದಿನಾರಿವೆ.
ಕಂಪನಿಗಳು ಕೆಲವು ಮುಳುಗಿದವು. ಮಗ್ಗು ಒಡೆಯುವುದಿಲ್ಲ.

ಹುಡುಗಿ ಮಾತಾಡುತ್ತಿದ್ದಾಳೆ.
ಹುಡುಗಿ ಎನ್ನಬಾರದು, ಡಾಕ್ಟರ್ ಇಂಚರ;
ನಾನು ಮರೆತದ್ದರ ಅರ್ಧದಷ್ಟನ್ನು ಕಳೆದ ವರ್ಷವೇ ಓದಿದ್ದಾಳೆ.
ತೆರೆಯ ಮೇಲೆ ಎರಡು ಗೆರೆ.
ಒಂದು, ಆಗುಂಬೆ ಘಾಟಿ ಏರುವ ಮಿನಿ ಬಸ್ಸಿನಂತೆ
ತಿರುವಿಗೊಮ್ಮೆ ಗೇರು ಇಳಿಸಿ, ಏದುಸಿರಲ್ಲಿ.
ಇನ್ನೊಂದು ನೆಟ್ಟಗೆ ಎದ್ದು ನಿಂತಿದೆ.
ಮೂಗಿಗೆ ಸಿಂಪಡಿಸುವುದು. ಎರಡು ಗಂಟೆ ಪಕ್ಕದಲ್ಲೇ ಕಾಯುವುದು.
ಒಂದು ದಿನದೊಳಗೆ, ಕೆಲವರಲ್ಲಿ, ಭಾರ ಇಳಿಯುವುದು.

ಕೆಲವರಲ್ಲಿ. ಪ್ಯಾಡಿನಲ್ಲಿ ಅದೊಂದೇ ಪದ ಬರೆದುಕೊಂಡೆ.

ಮೂವತ್ತೊಂದು ವರ್ಷದಿಂದ ನನ್ನದೂ ಒಂದು ವಾಕ್ಯವಿದೆ:
"ಮಾತ್ರೆ ಹತ್ತೋಕೆ ಮೂರು ವಾರ ಬೇಕು. ತಡ್ಕೋಬೇಕು."
ಕನ್ನಡದಲ್ಲಿ ಹೇಳಿದ್ದೇನೆ, ಉರ್ದುವಿನಲ್ಲಿ, ನನ್ನ ಹರಕು ತಮಿಳಿನಲ್ಲಿ,
ಪಿಯುಸಿ ಹುಡುಗಿಗೆ, ಮಫ್ತಿಯಲ್ಲಿ ಬಂದ ಪೇದೆಗೆ,
ಹೆಂಡತಿಗೆ ಗೊತ್ತಾಗಬಾರದೆಂದ ಹೆಡ್‌ಮಾಸ್ಟರಿಗೆ.
ಹೇಳಿ ಹೇಳಿ ಸವೆದ ನಾಲ್ಕಾಣೆಯಂತೆ ಅದರ ಮುಖ ನುಣ್ಣಗಾಗಿದೆ.

ಭದ್ರಾವತಿಯಿಂದ ರೈಲಿನಲ್ಲಿ ಬರುತ್ತಿದ್ದಳು ಅಮಲೋರ್ ಮೇರಿ,
ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವವಳು.
"ಒಂದು ಕಾಜ ಮಾಡೋಕೆ ಬೆಳಗಿಂದ ಸಂಜೆ ಆಗ್ತದೆ ಸಾರ್."
ನಾನು ನನ್ನ ವಾಕ್ಯ ಹೇಳಿದೆ.
"ಮೂರು ವಾರ ಅಂದ್ರೆ ಎಷ್ಟು?" ಕೇಳಿದಳು.
ಲೆಕ್ಕ ಬಾರದವಳು ಅಂದುಕೊಂಡು
"ಇಪ್ಪತ್ತೊಂದು ದಿನ" ಅಂದೆ.

ನಾಲ್ಕನೆಯ ಮಂಗಳವಾರ ಬರಲಿಲ್ಲ.
ಕೊಟ್ಟ ನಂಬರು ಅವಳದ್ದಲ್ಲ, ಯಾರದೋ ಹಾರ್ಡ್‌ವೇರ್ ಅಂಗಡಿಯದು.
ಗುಣವಾದವರೂ ಬರುವುದಿಲ್ಲ;
ನನ್ನ ವಿದ್ಯೆಯ ಮೋಸವೇ ಅದು.
ಎರಡು ಖಾಲಿ ಕುರ್ಚಿ ನೋಡಲು ಒಂದೇ ಥರ.

ಹಿಂದಿನ ಸಾಲಿನಿಂದ ಶಿಕಾರಿಪುರದ ಹುಚ್ಚರಾಯಪ್ಪ ಎದ್ದರು
(ಆ ಹೆಸರಿಗೆ ರೋಗಿಗಳು ಮೊದಲು ನಗುತ್ತಾರೆ,
ಆಮೇಲೆ ಮಾತಾಡುತ್ತಾರೆ).
"ಒಂದು ಡೋಸಿಗೆ ಎಷ್ಟಾಗ್ತದಮ್ಮಾ?"
ಹೇಳಿದಳು. ಹಾಲಿನಲ್ಲಿ ಏಸಿಯ ಸದ್ದು ಮಾತ್ರ.
"ಸರಿ" ಅಂದರು. "ನಮ್ಮಲ್ಲಿ ಎರಡು ರೂಪಾಯಿ ಮಾತ್ರೆಯೇ
ಹೋದ ತಿಂಗಳಿಂದ ಬಂದಿಲ್ಲ."
ಕೂತರು.

ಊಟದ ಸಾಲಿನಲ್ಲಿ ಅವಳ ಹಿಂದೆ ನಾನು.
ತಟ್ಟೆ ಹಿಡಿದು ಕೇಳಿಯೇಬಿಟ್ಟೆ:
ಸ್ಪ್ರೇ ಕೊಳ್ಳಲಾಗದವರಿಗೆ, ಆ ಮೂರು ವಾರ, ಏನು ಹೇಳ್ತೀರಿ?
ಕೋಸಂಬರಿಯ ಚಮಚ ತಡೆದು ನಿಂತಳು.
"ನಾಲ್ಕನೇ ದಿನ ನಾನೇ ಫೋನ್ ಮಾಡ್ತೀನಿ ಸಾರ್.
ಎಲ್ಲರಿಗೂ ಆಗಲ್ಲ. ಸ್ಲೈಡಲ್ಲಿ ಹಾಕೋಕೂ ಬರಲ್ಲ."
ಹಿಂದಿನವರು ಕೆಮ್ಮಿದರು. ಸಾಲು ಮುಂದೆ ಹೋಯಿತು.

ಮೂರೂವರೆಗೆ ಪ್ರಮಾಣಪತ್ರ.
ಎರಡು ಅಂಕ. ನನ್ನ ಹೆಸರಿನಲ್ಲೊಂದು ಅಕ್ಷರ ತಪ್ಪು.

ಸೋಮವಾರ, ದುರ್ಗಿಗುಡಿ.
ಡೈರಿಯ ರಾತ್ರಿ ಪಾಳಿಯ ಹುಡುಗ,
ಕೈಯಲ್ಲಿ ಹೆಲ್ಮೆಟ್ಟು, ಕಣ್ಣು ನೆಲದ ಮೇಲೆ.
ಅದೇ ಹಳೆಯ ಮಾತ್ರೆ ಬರೆದೆ.
ವಾಕ್ಯವೂ ತಾನಾಗಿ ಬಂದು ನಾಲಿಗೆ ತುದಿಯಲ್ಲಿ ನಿಂತಿತು.
ಹೇಳಿದೆ. ಹೇಳದೆ ಇರಲಾಗುವುದಿಲ್ಲ, ಅದು ನಿಜ.
ಆಮೇಲೆ ಚೀಟಿ ತಿರುಗಿಸಿ,
"ನಿನ್ನ ನಂಬರ್ ಹೇಳು. ಗುರುವಾರ ನಾನೇ ಮಾಡ್ತೀನಿ."
"ಯಾಕೆ ಸಾರ್?" ಹೆದರಿದ. "ಜಾಸ್ತಿ ಆಗಿದೆಯಾ?"
"ಇಲ್ಲ" ಅಂದೆ. "ದಿನ ಹೆಂಗೆ ಹೋಗ್ತಿದೆ ಅಂತ ಕೇಳೋಕೆ."

ಬರೆಯುತ್ತಿದ್ದೆ. ಆರನೆಯ ಅಂಕಿಗೆ
ಕಂಪನಿಯ ಪೆನ್ನು ಕೈಕೊಟ್ಟಿತು.
ಹುಡುಗ ಒಂದು ಗಳಿಗೆ ನೋಡಿ,
ಅಂಗಿಯ ಜೇಬಿನಿಂದ ತನ್ನದು ತೆಗೆದು ಕೊಟ್ಟ.