ಗುರುವಾರ ನೀರು ಬರುವುದಿಲ್ಲ

ಧನಕವಡಿಯಲ್ಲಿ ನಮ್ಮದು ನೆಲಕ್ಕಂಟಿದ ಮನೆ.
ಅಡುಗೆಮನೆಯ ಕಿಟಕಿಗೂ ಕಂಪೌಂಡಿಗೂ ನಡುವೆ
ಒಂದು ಸೀರೆ ಹಾಸುವಷ್ಟು ಜಾಗ:
ಬಿಲ್ಡರು ಬಿಟ್ಟುಹೋದ ಇಟ್ಟಂಗಿ ಚೂರು, ಗರಸು,
ಮಧ್ಯಾಹ್ನದ ಪೂರಾ ಬಿಸಿಲು.

ಗುಲಾಬಿ ಇಟ್ಟೆ, ಸತ್ತಿತು.
ಸೇವಂತಿಗೆ ದೀಪಾವಳಿ ದಾಟಲಿಲ್ಲ.
ಕೊನೆಗೆ ಹಡಪಸರದ ನರ್ಸರಿಯವನು
ಹಾಲಿನ ಪಾಕೀಟಿನಲ್ಲಿ ಮೂರು ಸಸಿ ಕಟ್ಟಿಕೊಟ್ಟ:
"ಸದಾಫುಲಿ. ಕಾಹೀ ಕರೂ ನಕಾ, ತಾಯಿ."
ಏನೂ ಮಾಡದಿರುವುದನ್ನು
ನನಗೆ ಯಾರೂ ಕಲಿಸಿರಲಿಲ್ಲ.

ಬಿಚ್ಚಿ ನೋಡಿದರೆ ಅದೇ!
ಇಂಡಿಯ ನಮ್ಮ ಹಿತ್ತಲಲ್ಲಿ
ಬಚ್ಚಲ ನೀರೂ ಮುಟ್ಟದ ಕಡೆ
ತಾನೇ ಹುಟ್ಟಿ ತಾನೇ ಅರಳುತ್ತಿದ್ದ ಕಾಶಿ ಕಣಗಿಲೆ,
ಆಡು ಕೂಡ ಮೂಸಿ ಬಿಡುತ್ತಿದ್ದದ್ದು.
ಮೂವತ್ತು ರೂಪಾಯಿಗೆ ಒಂದು.
ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

ಆ ವರುಷವೇ ಇವರ ಕಿಡ್ನಿ ಕೈಕೊಟ್ಟದ್ದು.
ಮಂಗಳವಾರ, ಶುಕ್ರವಾರ ಯಂತ್ರದ ಮುಂದೆ ಮಲಗಿಸಿ ತರುವುದು.
ಡಾಕ್ಟರಮ್ಮ ಬರೆದುಕೊಟ್ಟದ್ದು ದಿನಕ್ಕೆ ಮುಕ್ಕಾಲು ಲೀಟರು,
ಚಹಾ, ಸಾರು, ಗುಳಿಗೆಯ ಗುಟುಕು ಎಲ್ಲ ಸೇರಿ.
ಬೆಳಿಗ್ಗೆ ತಂಬಿಗೆಯಲ್ಲಿ ಅಳೆದಿಡುತ್ತಿದ್ದೆ,
ಬಂಗಾರ ತೂಗುವ ಪತ್ತಾರನ ಹಾಗೆ.
ರಾತ್ರಿ ಇವರು ಒಣ ಬಾಯಿ ಚಪ್ಪರಿಸುವ ಸದ್ದು.
ನಾನು ನಿದ್ದೆ ಬಂದವಳಂತೆ.

ಗಿಡಕ್ಕೆ ಮಾತ್ರ ಅಳತೆಯಿರಲಿಲ್ಲ.
ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು,
ಕೊಡದ ತಳದ್ದು, ಹೊತ್ತುಹೊತ್ತಿಗೆ.
ಗುರುವಾರ ಕಾರ್ಪೊರೇಷನ್ನಿನ ನೀರು ಬಂದ್;
ಬುಧವಾರವೇ ಎರಡು ಬಕೆಟ್ ಅದಕ್ಕೆಂದು ತೆಗೆದಿಡುತ್ತಿದ್ದೆ.
ಪುಣ್ಯ ಬರುತ್ತದೆ ಎಂದರು ಎದುರು ಮನೆಯ ಲೇಲೆ ಆಜಿ.

ಎಲೆ ಹಳದಿಯಾದವು.
ಬಾಯಾರಿರಬೇಕು ಎಂದು ಇನ್ನೊಂದು ಚೊಂಬು.
ಬುಡ ಕಪ್ಪಾಯಿತು.
ಹಿಡಿದರೆ ಎರಡು ಗಿಡ ಕೈಗೇ ಬಂದವು,
ಬೇರಿದ್ದಲ್ಲಿ ನೆನೆದ ಬತ್ತಿಯಂಥದ್ದೇನೋ,
ಕೊಳೆತ ವಾಸನೆ.

ಇವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು,
ಊದಿದ ಪಾದ ಹೊಸ್ತಿಲ ಮೇಲೆ.
"ನೀ ನೀರು ಹಾಕಿದ್ದು ಅದಕ್ಕಲ್ಲ, ನನಗ" ಅಂದರು.
ನಾನು ಮಾತಾಡಲಿಲ್ಲ.
"ಉಳಿದದ್ದರ ಗೊಡವಿ ಬಿಡು. ಅದರ ಮೈಯೇ ಹಂಗದ.
ನನ್ನದು ಈಗ ಹಂಗಾಗೇದ.
ನಿನಗ ಇಬ್ಬರೂ ಸಿಕ್ಕೀವಿ ನೋಡು."
ಮತ್ತೆ ಅವರೇ ನಕ್ಕರು.

ಮೇ ತಿಂಗಳು. ಇಪ್ಪತ್ತೊಂದು ದಿನ ಹಾಕಲಿಲ್ಲ.
ಕೈ ಕೆಟ್ಟದ್ದು, ತಾನಾಗಿ ಚೊಂಬಿನ ಕಡೆ ಹೋಗುತ್ತದೆ;
ಅದಕ್ಕೆ ಹಿಟ್ಟು ನಾದಲು ಕೊಟ್ಟೆ, ಶೇಂಗಾ ಸುಲಿಯಲು ಕೊಟ್ಟೆ.
ಉರಿಬಿಸಿಲಲ್ಲಿ ಗಿಡ ಎಲೆ ಮಡಚುತ್ತಿತ್ತು,
ದೀಪ ಹಚ್ಚುವ ಹೊತ್ತಿಗೆ ಬಿಚ್ಚುತ್ತಿತ್ತು.
ಇಪ್ಪತ್ತೆರಡನೆಯ ದಿನ, ಗುರುವಾರ,
ನಲ್ಲಿಯಲ್ಲಿ ಬರೀ ಗಾಳಿ,
ಕಿಟಕಿಯಾಚೆ ಐದೆಸಳು,
ನಡುವೆ ಕೆಂಪು ಚುಕ್ಕೆ.

ಆ ರಾತ್ರಿ ತಂಬಿಗೆಯಲ್ಲಿ ಒಂದು ಗುಟುಕು ಉಳಿದಿತ್ತು.
ಇವರು ಉಳಿಸಿದ್ದು. ಯಾಕೆಂದು ಕೇಳಲಿಲ್ಲ.
ಬೆಳಿಗ್ಗೆ ಅದರ ಮೇಲೆಯೇ
ಮುಕ್ಕಾಲು ಲೀಟರು ಅಳೆದು ಸುರಿದೆ.
ಆ ಗುಟುಕನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.